ಜಾಲತಾಣದ ಬಾಗಿಲಲ್ಲಿ ಕಾಯುವ ಗಿರಾಕಿ

ಪೇಟೆಯ ಅಂಗಡಿಗೆ ಬಂದ ಗಿರಾಕಿಯನ್ನು ಅಂಗಡಿಯವನು ಕಣ್ಣಾರೆ ಕಾಣುತ್ತಾನೆ. ಬಂದವನು ಬಾಗಿಲಲ್ಲಿ ನಿಂತು ಹಿಂದುಮುಂದು ನೋಡಿದರೆ “ಬನ್ನಿ, ಒಳಗೆ ಬನ್ನಿ” ಎಂದು ಕರೆಯಬಹುದು. ಬೆಲೆಯನ್ನು ಕೇಳಿ ಮುಖ ಸಣ್ಣದು ಮಾಡಿದರೆ ಹತ್ತು ರೂಪಾಯಿ ಇಳಿಸಬಹುದು. ಜಾಲತಾಣದಲ್ಲಿ ಅಂಗಡಿ ತೆರೆದವನಿಗೆ ಈ ಸೌಕರ್ಯವಿಲ್ಲ. ಅಲ್ಲಿ ಗಿರಾಕಿಯು ಬಂದುದೂ ಕಾಣದು, ಬೇಸತ್ತು ಹಿಂದಿರುಗಿದುದೂ ಕಾಣದು. ಆತನು ಏಕೆ ಹಿಂದಿರುಗಿದನೆಂಬುದು ವ್ಯಾಪಾರದ ಗುಟ್ಟು ಬಲ್ಲವರು ಉತ್ತರಿಸಬೇಕಾದ ಪ್ರಶ್ನೆಯೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ಆ ಪ್ರಶ್ನೆಯ ಬಹುಭಾಗವು ಭೌತವಿಜ್ಞಾನಕ್ಕೆ ಸೇರಿದುದೆಂದು ನಮ್ಮ ಎಣಿಕೆ. ಗಾಜಿನ ಎಳೆಯಲ್ಲಿ ಬೆಳಕು ಎಷ್ಟು ವೇಗವಾಗಿ ಓಡುತ್ತದೆ, ಚಿತ್ರವೊಂದನ್ನು ಅಲೆಗಳಾಗಿ ಬಿಡಿಸುವುದು ಹೇಗೆ ಎಂಬುದನ್ನು ಅರಿತವನಿಗೆ, ಸಣ್ಣ ವ್ಯಾಪಾರಿಯ ಜಾಲತಾಣವನ್ನು ಎಲ್ಲಿ ತಿದ್ದಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ಹೊಳೆಯುತ್ತದೆ.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಸುಮಾರು 60 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣದ ಗೊಂಬೆಗಳನ್ನು ಕಾಣದ ವಾಚಕರು ವಿರಳ. ಆಲೆ ಮರದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ, ಗರಗರನೆ ತಿರುಗುತ್ತಿರುವಾಗ ಉಳಿಯಿಂದ ಆಕಾರ ಕೊಟ್ಟು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರದ ಮೈಗೆ ತೆಳ್ಳಗೆ ಹತ್ತಿಕೊಳ್ಳುತ್ತದೆ. ಒಣಗಿದ ಗರಿಯಿಂದ ಉಜ್ಜಿದರೆ ಹೊಳಪೇರುತ್ತದೆ. ಈ ಊರಿನ ಒಂದು ಸಣ್ಣ ಕಾರ್ಖಾನೆಯು ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯವರದು. ಕೆಲಸಗಾರರು ನಾಲ್ವರು. ಗೊಂಬೆಯ ಬೆಲೆಯಲ್ಲಿ ಒಳ್ಳೆಯ ಪಾಲು ನಡುವಣ ಮಾರಾಟಗಾರರಿಗೇ ಸೇರುತ್ತಿದ್ದುದನ್ನು ಕಂಡು, ಅವರು ಹಣ ಕೊಟ್ಟು ಸ್ವಂತ ಜಾಲತಾಣವೊಂದನ್ನು ಮಾಡಿಸಿದ್ದರು. ಒಂದು ವರ್ಷ ಕಳೆಯಿತು. “ನೋಡಿದವರು ಇದ್ದಾರೆ ಅಂತ ಲೆಕ್ಕ ಬರುತ್ತೆ ಮೇಷ್ಟ್ರೇ, ಕೊಂಡವರು ಮಾತ್ರ ಬೆರಳೆಣಿಕೆ. ಇನ್ನೊಂದು ವರ್ಷದ ಬಾಡಿಗೆ ಕಟ್ಟಲೋ ಬೇಡವೋ?” ಎಂದು ಅವರು ನಮ್ಮನ್ನು ಕೇಳಿದರು. ಬಾಡಿಗೆ ಕಟ್ಟದಿದ್ದರೆ ತಾಣವು ಮುಚ್ಚಿಹೋಗುತ್ತದೆ. ಗೊಂಬೆಗಳು ಪುನಃ ನಡುವಣವರ ಕೈಸೇರಬೇಕು. ನಾವು ವ್ಯಾಪಾರವನ್ನು ಬಲ್ಲವರಲ್ಲ; ಗಡಿಯಾರವನ್ನು ಬಲ್ಲೆವು. ಆದುದರಿಂದ ಗಡಿಯಾರದಿಂದಲೇ ಆರಂಭಿಸಿದೆವು.

ಸಾಧಾರಣ ಬೆಲೆಯ ಮೊಬೈಲೊಂದರಲ್ಲಿ ಆ ತಾಣದ ಮೊದಲ ಪುಟವು ಪೂರ್ತಿಯಾಗಿ ತೆರೆದುಕೊಳ್ಳಲು 20 ಸೆಕೆಂಡಿಗೂ ಮಿಗಿಲಾದ ಕಾಲ ಹಿಡಿಯಿತು. ಇಪ್ಪತ್ತು ಸೆಕೆಂಡು ಯಾವ ಮಹಾ ಎನ್ನಬಹುದು. ಬಸ್ಸಿಗಾಗಿ ಅರ್ಧ ಗಂಟೆ ಕಾಯುವ ಮನುಷ್ಯನು ಯಂತ್ರದ ಮುಂದೆ ಮಾತ್ರ ವಿಲಕ್ಷಣವಾಗಿ ಅಸಹನೆಯುಳ್ಳವನು. ಗಣಕದೊಡನೆ ಮನುಷ್ಯನು ನಡೆಸುವ ಸಂವಾದದಲ್ಲಿ ಉತ್ತರವು ಎಷ್ಟು ಬೇಗ ಬರಬೇಕೆಂಬುದನ್ನು 1968ರಷ್ಟು ಹಿಂದೆಯೇ ರಾಬರ್ಟ್ ಮಿಲ್ಲರ್ ಎಂಬವರು ಪರಿಶೀಲಿಸಿದ್ದರು. 1993ರಲ್ಲಿ ಯಾಕೊಬ್ ನೀಲ್ಸನ್ ಅದನ್ನು ಮೂರು ಮಿತಿಗಳಾಗಿ ಪ್ರಚಾರಕ್ಕೆ ತಂದರು: ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಬಂದ ಉತ್ತರವು ತಕ್ಷಣವೇ ಬಂದಂತೆ ತೋರುತ್ತದೆ, ಒಂದು ಸೆಕೆಂಡಿನವರೆಗೆ ಆಲೋಚನೆಯ ಎಳೆ ಕಡಿಯುವುದಿಲ್ಲ, ಹತ್ತು ಸೆಕೆಂಡು ದಾಟಿದರೆ ಗಮನವು ಬೇರೆಡೆಗೆ ಹೋಗಿಬಿಡುತ್ತದೆ. ಗೂಗಲ್ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇನ್ನೂ ಸೂಕ್ಷ್ಮವಾದುದು. ಕೆಲವರಿಗೆ ಮಾತ್ರ ಹುಡುಕಾಟದ ಉತ್ತರವನ್ನು ಬೇಕೆಂದೇ 0.1ರಿಂದ 0.4 ಸೆಕೆಂಡಿನಷ್ಟು ತಡಮಾಡಿ ಕೊಡಲಾಯಿತು. ಕಣ್ಣೆವೆ ಮಿಟುಕಿಸುವಷ್ಟೇ ಕಾಲ! ಆದರೂ ಅವರು ನಡೆಸುವ ಹುಡುಕಾಟಗಳು ಶೇಕಡಾ 0.2ರಿಂದ 0.6ರಷ್ಟು ಕಡಿಮೆಯಾದುವು. ಮೇಲಾಗಿ, ತಡವನ್ನು ತೆಗೆದುಹಾಕಿದ ಮೇಲೂ ಅವರು ಹಿಂದಿನ ಅಭ್ಯಾಸಕ್ಕೆ ಮರಳಲು ಕೆಲವು ಕಾಲ ಬೇಕಾಯಿತು. ತಡವೆಂದು ಅರಿವಿಗೆ ಬಾರದ ತಡಕ್ಕೂ ಮನಸ್ಸು ಲೆಕ್ಕವಿಡುತ್ತದೆಯೆಂದಾಯಿತು.

ಈ ತಡವು ಎಲ್ಲಿ ಹುಟ್ಟುತ್ತದೆ? ತಾಣದ ಪುಟಗಳನ್ನು ಇರಿಸಿಕೊಂಡು, ಕೇಳಿದವರಿಗೆ ಕಳುಹಿಸಿಕೊಡುವ ಗಣಕಕ್ಕೆ ಸರ್ವರು ಎಂದು ಹೆಸರು. ಚನ್ನಪಟ್ಟಣದ ಗೊಂಬೆಗಳ ಪುಟವನ್ನು, ಅದನ್ನು ಕಟ್ಟಿಕೊಟ್ಟವರು ಅಮೆರಿಕದ ಪೂರ್ವ ತೀರದ ಸರ್ವರೊಂದರಲ್ಲಿ ಇರಿಸಿದ್ದರು. ಕೊಳ್ಳುವವರು ಬೆಂಗಳೂರು, ಹುಬ್ಬಳ್ಳಿ, ಪುಣೆಗಳಲ್ಲಿ; ಸರಕಿನ ಪಟ್ಟಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ. ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ಆದರೆ ಸಂದೇಶವನ್ನು ಹೊತ್ತ ಬೆಳಕು ಓಡುವುದು ಸಮುದ್ರದಡಿಯ ಗಾಜಿನ ಎಳೆಗಳಲ್ಲಿ. ಗಾಜಿನ ವಕ್ರೀಭವನಾಂಕವು ಸುಮಾರು 1.47 ಆದುದರಿಂದ ಅಲ್ಲಿ ಬೆಳಕಿನ ವೇಗವು 2 ಲಕ್ಷ ಕಿ.ಮೀ.ಗೆ ಇಳಿಯುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ತೀರಕ್ಕೆ ನೇರ ದೂರವೇ 13 ಸಾವಿರ ಕಿ.ಮೀ.ಗೂ ಮಿಗಿಲು. ಹೋಗಿ ಬರಲು 26 ಸಾವಿರ; ಬೆಳಕಿಗೆ ಬೇಕಾಗುವ ಕಾಲ 0.13 ಸೆಕೆಂಡು. ತಂತಿಗಳು ನೇರವಾಗಿ ಹಾಯುವುದಿಲ್ಲ, ನಡುವೆ ಹಲವು ಕಟ್ಟೆಗಳೂ ಉಂಟು. ಹೀಗಾಗಿ ನಿಜವಾಗಿ ಹಿಡಿಯುವ ಕಾಲವು 0.2 ಸೆಕೆಂಡನ್ನು ಮೀರುತ್ತದೆ. ಸರ್ವರು ಮುಂಬಯಿಯಲ್ಲಿದ್ದರೆ ಇದೇ ಪ್ರಯಾಣಕ್ಕೆ ಅದರ ಎಂಟು ಹತ್ತರಲ್ಲಿ ಒಂದು ಪಾಲು ಸಾಕು. ಯಾವ ಯಂತ್ರವನ್ನು ಕೊಂಡರೂ, ಎಷ್ಟು ಹಣ ತೆತ್ತರೂ ಬೆಳಕನ್ನು ಇದಕ್ಕಿಂತ ಬೇಗ ಓಡಿಸುವಂತಿಲ್ಲ. ದೂರವನ್ನು ಕಡಿಮೆ ಮಾಡುವುದೊಂದೇ ಮಾರ್ಗ.

ಒಂದು ಸಲ ಹೋಗಿ ಬರುವುದರಿಂದ ಕೆಲಸ ಮುಗಿಯುವುದೂ ಇಲ್ಲ. ಗಿರಾಕಿಯ ಮೊಬೈಲು ಮೊದಲು “ಕೇಳಿಸುತ್ತಿದೆಯೇ?” ಎಂದು ಸರ್ವರನ್ನು ವಿಚಾರಿಸುತ್ತದೆ, “ಕೇಳಿಸುತ್ತಿದೆ” ಎಂಬ ಉತ್ತರ ಬರಬೇಕು. ಅನಂತರ ಇಬ್ಬರೂ ಮೂರನೆಯವರಿಗೆ ತಿಳಿಯದಂತೆ ಮಾತನಾಡಲು ಒಂದು ಗುಪ್ತಲಿಪಿಯನ್ನು ಒಪ್ಪಿಕೊಳ್ಳಬೇಕು. 2018ರ ನಿಯಮದಂತೆ ಇದಕ್ಕೆ ಒಂದು ಸವಾರಿ ಸಾಕು. ಹಳೆಯ ನಿಯಮದಲ್ಲಿ ಎರಡು ಬೇಕಿತ್ತು. ಮೂರನೆಯ ಸವಾರಿಯಲ್ಲಿ “ಪುಟವನ್ನು ಕೊಡು” ಎಂಬ ಕೋರಿಕೆ ಹೋಗಿ, ಪುಟದ ಮೊದಲ ಕಂತು ಬರುತ್ತದೆ. ಕಂತು ಎಂದುದಕ್ಕೆ ಕಾರಣವಿದೆ.

1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಅಲ್ಲಿನ ಪ್ರಯೋಗಶಾಲೆಗೂ ವಿಶ್ವವಿದ್ಯಾನಿಲಯಕ್ಕೂ ನಡುವೆ ಇದ್ದುದು ಸುಮಾರು 400 ಗಜದ ಅಂತರ. ಈ ಎರಡರ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ಟುಗಳಷ್ಟು ಸಂದೇಶ ಸಾಗುತ್ತಿದ್ದುದು ಇದ್ದಕ್ಕಿದ್ದಂತೆ 40 ಬಿಟ್ಟಿಗೆ ಕುಸಿಯಿತು. ಒಬ್ಬ ಹುಡುಗನು ಕಾಗದದಲ್ಲಿ ಬರೆದುಕೊಂಡು ಓಡಿದ್ದರೂ ಅದಕ್ಕಿಂತ ಬೇಗ ಮುಟ್ಟಿಸುತ್ತಿದ್ದನು. ಎಲ್ಲ ಗಣಕಗಳೂ ಒಮ್ಮೆಗೇ ಸಂದೇಶವನ್ನು ಸುರಿದು, ದಾರಿ ಕಟ್ಟಿಕೊಂಡು, ಕಳೆದುಹೋದುದನ್ನು ಮತ್ತೆ ಮತ್ತೆ ಕಳುಹಿಸಿದುದೇ ಇದಕ್ಕೆ ಕಾರಣವಾಗಿತ್ತು. ವ್ಯಾನ್ ಜೇಕಬ್‌ಸನ್ ಎಂಬವರು 1988ರಲ್ಲಿ ಇದಕ್ಕೆ ಮದ್ದನ್ನು ಸೂಚಿಸಿದರು: ಮೊದಲು ಸ್ವಲ್ಪವೇ ಕಳುಹಿಸಬೇಕು, ತಲಪಿತೆಂಬ ಸುದ್ದಿ ಬಂದ ಮೇಲೆ ಎರಡರಷ್ಟು, ಆಮೇಲೆ ಅದರ ಎರಡರಷ್ಟು. ಇಂದಿಗೂ ಜಾಲವು ನಡೆಯುತ್ತಿರುವುದು ಈ ಸೌಜನ್ಯದಿಂದಲೇ. ಈಗ ಸಾಮಾನ್ಯವಾಗಿ ಮೊದಲ ಕಂತಿನಲ್ಲಿ ಹೋಗುವುದು ಹತ್ತು ಪೊಟ್ಟಣ, ಎಂದರೆ ಸುಮಾರು 14 ಸಾವಿರ ಬೈಟು.

ಲೆಕ್ಕ ಹಾಕಿ ನೋಡೋಣ. ನಾಲ್ಕೂವರೆ ಲಕ್ಷ ಬೈಟುಗಳ ಒಂದು ಪುಟವನ್ನು ತರಲು, 14, 29, 58 ಸಾವಿರ ಎಂದು ಇಮ್ಮಡಿಸುತ್ತ ಹೋದರೆ ಐದು ಕಂತುಗಳು ಬೇಕು. ಮೊದಲಿನ ಎರಡು ಸವಾರಿ ಸೇರಿ ಏಳು. ಸರ್ವರು ಅಮೆರಿಕದಲ್ಲಿದ್ದರೆ ಕೇವಲ ಓಡಾಟಕ್ಕೆ ಒಂದೂವರೆ ಸೆಕೆಂಡು, ಮುಂಬಯಿಯಲ್ಲಿದ್ದರೆ 0.2 ಸೆಕೆಂಡಿನೊಳಗೆ ಮುಗಿಯುತ್ತದೆ. ಬಾಡಿಗೆಯಲ್ಲಿ ಅಷ್ಟೇನೂ ಅಂತರವಿಲ್ಲದೆ ಇಷ್ಟು ಲಾಭ ದೊರೆಯುವುದನ್ನು ಕಂಡೂ, ಸರ್ವರು ಎಲ್ಲಿದೆಯೆಂದು ಕೇಳುವ ವ್ಯಾಪಾರಿಗಳು ಬಹಳ ಕಡಿಮೆ.

ಆದರೆ ಇಪ್ಪತ್ತು ಸೆಕೆಂಡಿನ ಹೊಣೆಯನ್ನು ಸಮುದ್ರದ ಮೇಲೆ ಹೊರಿಸುವಂತಿರಲಿಲ್ಲ. ಆ ಪುಟದಲ್ಲಿ ಗೊಂಬೆಗಳ ಆರು ಚಿತ್ರಗಳಿದ್ದುವು. ಮೊಬೈಲಿನಲ್ಲಿ ತೆಗೆದುದನ್ನು ಹಾಗೆಯೇ ಏರಿಸಿದ್ದರು. ಒಂದೊಂದೂ ಸುಮಾರು 40 ಲಕ್ಷ ಬೈಟು. ಒಟ್ಟು 2 ಕೋಟಿ 40 ಲಕ್ಷ ಬೈಟು. ಬೈಟಿಗೆ ಎಂಟು ಬಿಟ್ಟಿನಂತೆ 19 ಕೋಟಿ 20 ಲಕ್ಷ ಬಿಟ್ಟು. ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳನ್ನು ಒಯ್ಯುವ ಸಂಪರ್ಕವಾದರೂ ಹತ್ತೊಂಬತ್ತು ಸೆಕೆಂಡು ಹಿಡಿಯಲೇಬೇಕು. ಇಷ್ಟೆಲ್ಲ ಹೊತ್ತು ತಂದುದರ ಪ್ರಯೋಜನವಾದರೂ ಏನು? ಚಿತ್ರದ ಅಗಲ 4,000 ಚುಕ್ಕೆ, ಎತ್ತರ 3,000. ಒಟ್ಟು 1 ಕೋಟಿ 20 ಲಕ್ಷ. ಸಾಧಾರಣ ಮೊಬೈಲಿನ ಪರದೆಯ ಅಗಲವು 1,080 ಚುಕ್ಕೆ. ಆ ಅಗಲಕ್ಕೆ ಕುಗ್ಗಿದ ಚಿತ್ರದಲ್ಲಿ ಕಾಣುವುದು ಸುಮಾರು 8 ಲಕ್ಷ 75 ಸಾವಿರ ಚುಕ್ಕೆ ಮಾತ್ರ. ಹದಿನಾಲ್ಕರಲ್ಲಿ ಹದಿಮೂರು ಪಾಲನ್ನು ಗಿರಾಕಿಯು ತನ್ನ ಖರ್ಚಿನಲ್ಲಿ ಹೊತ್ತು ತಂದು, ಬಾಗಿಲಲ್ಲಿಯೇ ಚೆಲ್ಲಿದಂತಾಯಿತು. ಒಂದು ಗಿಲಕಿಯನ್ನು ನೋಡಬಂದವನ ತಲೆಯ ಮೇಲೆ ಗಾಡಿ ತುಂಬ ಮರವನ್ನು ಹೊರಿಸಿದ ಹಾಗೆ.

ಅಳತೆಯನ್ನು ಕುಗ್ಗಿಸಿದ ಮೇಲೂ ಚಿತ್ರವನ್ನು ಇನ್ನಷ್ಟು ಹಗುರಮಾಡುವ ವಿದ್ಯೆಯೊಂದಿದೆ. ಅದರ ಮೂಲದಲ್ಲಿ ಬೆಂಗಳೂರಿನವರೊಬ್ಬರು ಇದ್ದಾರೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ನಾಸಿರ್ ಅಹಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದವರು. ಯಾವ ಚಿತ್ರವನ್ನಾದರೂ ಕೊಸೈನ್ ಅಲೆಗಳ ಮೊತ್ತವಾಗಿ ಬಿಡಿಸಿ ಬರೆಯಬಹುದೆಂಬ ಯೋಚನೆಯನ್ನು ಬೆಳೆಸಲು ಅವರು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯವನ್ನು ಕೋರಿದರು. ಸಹಾಯ ದೊರೆಯಲಿಲ್ಲ. ಆದರೂ ಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಸೇರಿ 1974ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. 1992ರಲ್ಲಿ ರೂಪುಗೊಂಡ ಜೆಪೆಗ್ ಎಂಬ ಚಿತ್ರಪದ್ಧತಿಗೆ ಅದೇ ಅಡಿಗಲ್ಲಾಯಿತು.

ಅದರ ತತ್ತ್ವವು ಕಠಿಣವಲ್ಲ. ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕದ 64 ಬೆಳಕಿನ ಅಳತೆಗಳ ಬದಲಿಗೆ 64 ಅಲೆಗಳ ಪ್ರಮಾಣಗಳನ್ನು ಬರೆದುಕೊಳ್ಳುತ್ತಾರೆ. ಕೆಲವು ಅಲೆಗಳು ನಿಧಾನವಾಗಿ ಏರಿಳಿಯುವಂಥವು, ಕೆಲವು ಕ್ಷಿಪ್ರವಾಗಿ. ಗೊಂಬೆಯ ನುಣ್ಣನೆಯ ಕೆಂಪು ಹೊಟ್ಟೆಯ ಮೇಲೆ ಬೆಳಕು ಮೆಲ್ಲಮೆಲ್ಲನೆ ಬದಲಾಗುವುದರಿಂದ ಅಲ್ಲಿ ಮೂರು ನಾಲ್ಕು ನಿಧಾನದ ಅಲೆಗಳೇ ಸಾಕು. ಕ್ಷಿಪ್ರವಾದ ಸಣ್ಣ ಅಲೆಗಳನ್ನು ಒರಟಾಗಿ ಬರೆದರೂ, ಅನೇಕವನ್ನು ಸೊನ್ನೆಯೆಂದೇ ಬಿಟ್ಟರೂ ನಮ್ಮ ಕಣ್ಣಿಗೆ ವ್ಯತ್ಯಾಸ ತೋರದು. ಅರಗಿನ ಹೊಳಪುಳ್ಳ ಗೊಂಬೆಗಳು ಈ ವಿದ್ಯೆಗೆ ಹೇಳಿ ಮಾಡಿಸಿದ ವಸ್ತುಗಳು. ನಮ್ಮ ವಿದ್ಯಾರ್ಥಿಯು ಆರು ಚಿತ್ರಗಳನ್ನೂ ಹೀಗೆ ಕುಗ್ಗಿಸಲು ಒಂದು ಸಂಜೆ ಸಾಕಾಯಿತು. ಒಂದೊಂದೂ 70 ಸಾವಿರ ಬೈಟಿನ ಆಸುಪಾಸಿಗೆ ಇಳಿಯಿತು. ತಂದೆಯವರು ಹಳೆಯದನ್ನೂ ಹೊಸದನ್ನೂ ಮೊಬೈಲಿನಲ್ಲಿ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿ, ಯಾವುದು ಯಾವುದೆಂದು ಹೇಳಲಾರದೆ ಹೋದರು. ಬಣ್ಣದ ವಿಷಯದಲ್ಲಿ ಅವರ ಕಣ್ಣು ನಮ್ಮ ಕಣ್ಣಿಗಿಂತ ಹತ್ತುಪಟ್ಟು ಚುರುಕು. ಸರ್ವರನ್ನೂ ಮುಂಬಯಿಗೆ ಬದಲಾಯಿಸಿದ ಮೇಲೆ ಅದೇ ಮೊಬೈಲಿನಲ್ಲಿ ಪುಟವು ಎರಡು ಸೆಕೆಂಡಿನೊಳಗೆ ತೆರೆದುಕೊಂಡಿತು. ಪುಟದ ಮುಖ್ಯ ಭಾಗವು 2.5 ಸೆಕೆಂಡಿನೊಳಗೆ, ಬಂದವರ ನಾಲ್ವರಲ್ಲಿ ಮೂವರಿಗಾದರೂ ಕಾಣಬೇಕೆಂಬುದು ಗೂಗಲ್ 2020ರಲ್ಲಿ ಸೂಚಿಸಿದ ಅಳತೆಗೋಲು. ಅದರೊಳಗೇ ನಾವು ಬಂದಿದ್ದೆವು.

ಇನ್ನೆರಡು ಕಿರುಕುಳಗಳನ್ನು ಇಲ್ಲಿಯೇ ಹೇಳಿಬಿಡಬಹುದು. ಚಿತ್ರವು ಎಷ್ಟು ಜಾಗ ಹಿಡಿಯುವುದೆಂದು ಪುಟದಲ್ಲಿ ಮುಂಚಿತವಾಗಿ ಬರೆದಿರದಿದ್ದರೆ, ಚಿತ್ರ ಬಂದೊಡನೆ ಕೆಳಗಿನದೆಲ್ಲ ಧಡಕ್ಕನೆ ಜರುಗಿ, “ಕೊಳ್ಳಿರಿ” ಎಂಬ ಗುಂಡಿಯನ್ನು ಒತ್ತಹೋದವನ ಬೆರಳು ಇನ್ನೆಲ್ಲಿಗೋ ಬೀಳುತ್ತದೆ. ತಾನಾಗಿ ಜಾರುವ ಪಟಗಳು, ಮೂಲೆಯಲ್ಲಿ ಪುಟಿದೇಳುವ ಮಾತಿನ ಪೆಟ್ಟಿಗೆ ಮೊದಲಾದುವುಗಳ ಬಗೆಗೆ ನಮ್ಮ ಅಭಿಪ್ರಾಯವು ಒಳ್ಳೆಯದಲ್ಲ. ಅಂಗಡಿಯ ಮುಂದೆ ಡೋಲು ಬಡಿಸುವವನು ಗಿರಾಕಿಯ ದಾರಿಗೆ ಅಡ್ಡ ನಿಂತು ಬಡಿಸಬಾರದಷ್ಟೆ.

ಅಲೆಗಳ ವಿದ್ಯೆಗೆ ಒಲಿಯದ ವಸ್ತುವೊಂದಿದೆ, ಅದು ಅಕ್ಷರ. ಅಕ್ಷರದ ಅಂಚಿನಲ್ಲಿ ಕಪ್ಪು ಬಿಳುಪುಗಳು ತಟಕ್ಕನೆ ಬದಲಾಗುವುದರಿಂದ ಕ್ಷಿಪ್ರವಾದ ಅಲೆಗಳೆಲ್ಲವೂ ಅಲ್ಲಿ ಬೇಕು. ಅವನ್ನು ಕತ್ತರಿಸಿದರೆ ಅಕ್ಷರದ ಸುತ್ತಲೂ ಮಸಿ ಚೆಲ್ಲಿದಂತೆ ಕಲೆಗಳೇಳುತ್ತವೆ. ಈ ತಾಣದಲ್ಲಿ ಬೆಲೆಪಟ್ಟಿಯನ್ನು ಅಚ್ಚುಹಾಕಿಸಿ, ಅದರ ಫೋಟೋ ತೆಗೆದು ಹಾಕಿದ್ದರು. ಕಣ್ಣಿಗೆ ಅದು ಮಸುಕು. ಹುಡುಕುವ ಯಂತ್ರಕ್ಕಂತೂ ಬಹುಮಟ್ಟಿಗೆ ಕುರುಡು. ಹುಡುಕುವ ಯಂತ್ರವು ತನ್ನಲ್ಲಿ ಇರಿಸಿಕೊಂಡಿರುವುದು, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತಹ ಒಂದು ಬೃಹತ್ ಸೂಚಿಯನ್ನು: ಯಾವ ಪದವು ಯಾವ ಪುಟಗಳಲ್ಲಿದೆ ಎಂದು. ಪದವೇ ಇಲ್ಲದ ಪುಟವು ಸೂಚಿಯನ್ನು ಸೇರುವುದೆಂತು? ಹಳೆಯ ಕಾಲದ ಕನ್ನಡ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪುಟಗಳ ಪಾಡೂ ಹೀಗೆಯೇ. ಅವುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿನ ಸಂಕೇತಗಳು ರೋಮನ್ ಅಕ್ಷರಗಳವು. ಯಂತ್ರಕ್ಕೆ ಅದು ಅರ್ಥವಿಲ್ಲದ ಗೊಣಗಾಟ. ಯೂನಿಕೋಡಿನಲ್ಲಿ ಬರೆದುದಾದರೆ ಈ ತೊಡಕಿಲ್ಲ. ಭಾರವೂ ಅಲ್ಪ: ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟಿನಂತೆ, “ಗೊಂಬೆ” ಎಂಬ ಮಾತಿಗೆ ಐದು ಸಂಕೇತ, ಹದಿನೈದು ಬೈಟು. ಬೆಲೆಪಟ್ಟಿಯೆಲ್ಲವೂ ಮೊದಲ ಕಂತಿನಲ್ಲಿಯೇ ಬಂದು ಸೇರುತ್ತದೆ.

ಪದಗಳು ಇದ್ದರೂ ಸಾಲದು, ಗಿರಾಕಿಯ ಬಾಯಲ್ಲಿರುವ ಪದಗಳೇ ಇರಬೇಕು. ಆ ತಾಣದ ನೆತ್ತಿಯ ಮೇಲೆ “ಗುಣಮಟ್ಟವೇ ನಮ್ಮ ಧ್ಯೇಯ” ಎಂದು ಬರೆದಿತ್ತು. ಇದು ಗೊಂಬೆಯಂಗಡಿಗೂ ಸಿಮೆಂಟಿನ ಅಂಗಡಿಗೂ ಸಮನಾಗಿ ಸಲ್ಲುವ ಮಾತು. ಮೊಮ್ಮಗುವಿಗೆ ಉಡುಗೊರೆ ಹುಡುಕುವ ಅಜ್ಜಿಯು “ಒಂದು ವರ್ಷದ ಮಗುವಿಗೆ ಮರದ ಗಿಲಕಿ” ಎಂದು ಕೇಳುತ್ತಾಳೆಯೇ ಹೊರತು ಧ್ಯೇಯವನ್ನಲ್ಲ. ಆಕೆಗೆ ಬೇಕಾದುದು: ಯಾವ ಮರ, ಬಾಯಿಗಿಟ್ಟುಕೊಂಡರೆ ಬಣ್ಣ ಬಿಡುವುದೋ ಇಲ್ಲವೋ, ಎಷ್ಟು ಉದ್ದ, ಎಷ್ಟು ತೂಕ, ಅಂಚೆಯಲ್ಲಿ ಎಷ್ಟು ದಿನ, ಒಟ್ಟು ಎಷ್ಟು ರೂಪಾಯಿ. ಇವೆಲ್ಲವೂ ಆ ಕಾರ್ಖಾನೆಯವರ ನಾಲಗೆಯ ತುದಿಯಲ್ಲಿದ್ದುವು. ಪುಟದಲ್ಲಿ ಒಂದೂ ಇರಲಿಲ್ಲ. ಅರಗು ಘರ್ಷಣೆಯಿಂದ ಕರಗಿ ಮರಕ್ಕೆ ಹತ್ತುವ ಬಗೆಯನ್ನು ತಂದೆಯವರು ನಮಗೆ ವಿವರಿಸಿದಾಗ, ಅದನ್ನೇ ಅವರ ಮಾತಿನಲ್ಲಿಯೇ ಬರೆದುಹಾಕೆಂದು ಮಗನಿಗೆ ಹೇಳಿದೆವು. ಬೇರೆ ಯಾವ ಮಾರಾಟಗಾರನೂ ಬರೆಯಲಾರದ ಪುಟವದು. ಹೊರನಾಡಿನ ಕೊಳ್ಳುವವರಿಗಾಗಿ ಇಂಗ್ಲಿಷಿನಲ್ಲಿಯೂ ಇರಲಿ. ಪ್ರತಿ ಚಿತ್ರದ ಹಿಂದೆ ಅದೇನೆಂದು ಒಂದು ಸಾಲು ಸೇರಿಸಿದರೆ ಯಂತ್ರಕ್ಕೂ ತಿಳಿಯುತ್ತದೆ, ಓದಿ ಹೇಳುವ ಸಾಧನವನ್ನು ಬಳಸುವ ದೃಷ್ಟಿಹೀನರಿಗೂ ತಿಳಿಯುತ್ತದೆ.

ಒಂದೇ ಪದಕ್ಕೆ ಸಾವಿರ ಪುಟಗಳು ದೊರೆತಾಗ ಯಾವುದನ್ನು ಮೊದಲು ತೋರಿಸಬೇಕೆಂಬುದಕ್ಕೆ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಒಂದು ಉಪಾಯವನ್ನು ವಿವರಿಸಿದ್ದರು. ಕೊಂಡಿಯಿಂದ ಕೊಂಡಿಗೆ ಗೊತ್ತುಗುರಿಯಿಲ್ಲದೆ ಅಲೆಯುವವನೊಬ್ಬನನ್ನು ಕಲ್ಪಿಸಿಕೊಳ್ಳಿ. ಅನಿಲದ ಅಣುವಿನಂತೆ ಅಲೆಯುವ ಆತನು ಯಾವ ಪುಟದಲ್ಲಿ ಹೆಚ್ಚು ಸಲ ಕಾಣಸಿಗುವನೋ ಆ ಪುಟಕ್ಕೆ ಹೆಚ್ಚಿನ ಮಾನ್ಯತೆ. ಇಂದಿನ ಯಂತ್ರಗಳು ಇನ್ನೂ ಅನೇಕ ಸಂಗತಿಗಳನ್ನು ಗಣಿಸುತ್ತವೆ. ಹಣ ಕೊಟ್ಟು ಕೊಂಡಿಗಳನ್ನು ಕೊಳ್ಳುವಂತೆ ಬೋಧಿಸುವವರು ಎಲ್ಲೆಡೆಯಲ್ಲಿಯೂ ಇದ್ದಾರೆ. ಆ ಹಣದಲ್ಲಿ ಇನ್ನೊಂದು ಉಳಿಯನ್ನು ಕೊಳ್ಳುವುದು ಮೇಲು.

ತಿದ್ದಿದ ಮೇಲೆ ವ್ಯಾಪಾರ ಹೆಚ್ಚಿತೇ ಎಂಬ ಪ್ರಶ್ನೆ ಉಳಿಯುತ್ತದೆ. ವ್ಯಾಪಾರಿಗಳು ಆತುರಪಡುವುದು ಇಲ್ಲಿಯೇ. ಹಿಂದಿನ ತಿಂಗಳಲ್ಲಿ 25 ಗೊಂಬೆಗಳಿಗೆ ಬೇಡಿಕೆ ಬಂದು, ಈ ತಿಂಗಳಲ್ಲಿ 31ಕ್ಕೆ ಬಂದಿತೆಂದು ಇಟ್ಟುಕೊಳ್ಳೋಣ. ಶೇಕಡಾ 24 ಹೆಚ್ಚಳವೆಂದು ಹಿಗ್ಗಬಹುದೇ? ವಿಕಿರಣದ ಕಣಗಳನ್ನು ಎಣಿಸುವ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವ ಪಾಠವೆಂದರೆ, ತಾವಾಗಿ ಬಂದು ಬೀಳುವ ಘಟನೆಗಳ ಎಣಿಕೆಯಲ್ಲಿ ಆ ಎಣಿಕೆಯ ವರ್ಗಮೂಲದಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆಂಬುದು. ಎರಡು ಎಣಿಕೆಗಳ ವ್ಯತ್ಯಾಸದಲ್ಲಿ, ಅವುಗಳ ಮೊತ್ತದ ವರ್ಗಮೂಲದಷ್ಟು. 25 ಮತ್ತು 31ರ ಮೊತ್ತ 56, ವರ್ಗಮೂಲ ಏಳೂವರೆ. ವ್ಯತ್ಯಾಸವೋ ಆರೇ. ಏನನ್ನೂ ತಿದ್ದದೆ ಸುಮ್ಮನಿದ್ದರೂ ಇಷ್ಟು ಏರಿಳಿತ ಸಹಜವಾಗಿಯೇ ಆಗಬಹುದು. ನಿಜವಾಗಿಯೂ ಕಾಲು ಭಾಗದಷ್ಟು ಹೆಚ್ಚಳವಾಗಿದ್ದಲ್ಲಿ, ಅದನ್ನು ಆಕಸ್ಮಿಕದ ಎರಡರಷ್ಟಾದರೂ ದೊಡ್ಡದೆಂದು ಹೇಳಲು ಮೊದಲಿನ ಎಣಿಕೆಯು 144ನ್ನು ಮುಟ್ಟಬೇಕೆಂದು ಲೆಕ್ಕ ತೋರಿಸುತ್ತದೆ. ತಿಂಗಳಿಗೆ 25ರಂತೆ ಅದು ಆರು ತಿಂಗಳ ಮಾತು. ತಿದ್ದಿದ ಮೇಲೆ ಇನ್ನೂ ಆರು ತಿಂಗಳು. ನಡುವೆ ದಸರೆಯೂ ದೀಪಾವಳಿಯೂ ಬಂದರೆ ಒಂದು ಕಡೆಯ ಆರು ತಿಂಗಳಿಗೆ ಹಬ್ಬದ ವ್ಯಾಪಾರ ಸೇರಿ ಲೆಕ್ಕ ಕೆಡುತ್ತದೆ. ಹೋದ ವರ್ಷದ ಅದೇ ತಿಂಗಳುಗಳೊಡನೆ ಹೋಲಿಸುವುದೇ ಸರಿ.

ಇದನ್ನು ಕೇಳಿದ ತಂದೆಯವರು ಒಂದು ವರ್ಷದ ಬಾಡಿಗೆಯನ್ನು ಕಟ್ಟಿದರು. ಆದರೆ ಅಷ್ಟು ದಿನ ಕೈಕಟ್ಟಿ ಕೂಡುವುದೆಂತು ಎಂದರು. ಕೂಡಬೇಕಾಗಿಲ್ಲ. ಬೇಡಿಕೆಗಳು ತಿಂಗಳಿಗೆ ಇಪ್ಪತ್ತೈದಾದರೆ, ಪುಟವನ್ನು ತೆರೆದವರು ಅದರ ಎಷ್ಟೋ ಪಟ್ಟು. ಅವರಲ್ಲಿ ಎಷ್ಟು ಮಂದಿ ಬೆಲೆಯವರೆಗೆ ಹೋದರು, ಎಷ್ಟು ಮಂದಿ ಮೊದಲ ಪುಟದಲ್ಲಿಯೇ ಹಿಂದಿರುಗಿದರು ಎಂಬ ದೊಡ್ಡ ಸಂಖ್ಯೆಗಳನ್ನು ಕೆಲವೇ ವಾರಗಳಲ್ಲಿ ನಂಬಬಹುದು. ಪುಟದ ಭಾರವನ್ನೂ ತೆರೆಯುವ ಕಾಲವನ್ನೂ ಇಂದೇ ಅಳೆಯಬಹುದು. ಅಳೆಯುವವರು ಮಾತ್ರ ಮನೆಯ ವೈಫೈ ಬಿಟ್ಟು, ಹಳೆಯ ಮೊಬೈಲೊಂದನ್ನು ಹಿಡಿದು, ಸಂಜೆ ಆರು ಗಂಟೆಯ ಹೊತ್ತಿಗೆ ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲಬೇಕು. ಗಿರಾಕಿಯು ಪುಟವನ್ನು ತೆರೆಯುವುದು ಅಲ್ಲಿಂದಲೇ.